ಸಂಗೊಳ್ಳಿಗೆ ಹೋಗಿ ಬಂದ ಮಕ್ಕಳು, ಕಲಿತು ಬಂದ ನಾನು

ಊರು ನೋಡಿ ಬಂದ ಸಂಗತಿ ಬರೆಯುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ನೀವೂ ಈ ತಪ್ಪನ್ನು ಒಮ್ಮೆಯಾದರೂ ಮಾಡಿರಬಹುದು. ಮಾಡಿಲ್ಲದಿದ್ದರೆ ನಿಮಗೆ ನನ್ನ ದೊಡ್ಡ ನಮಸ್ಕಾರ.

ನನ್ನ ಕಿರಿಯ ಮಗ ಮೂರನೆಯ ಇಯತ್ತೆಯಲ್ಲಿದ್ದಾಗ, ಆಗಸ್ಟ್ 15ಕ್ಕೆ ಎಲ್ಲ ಮಕ್ಕಳೂ ಸಂಗೊಳ್ಳಿ ರಾಯಣ್ಣನ ಚಿತ್ರ ಬರೆದುಕೊಂಡು ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ನಮ್ಮ ಬೈಲಹೊಂಗಲದ ಕಡೆ ಇದು ಸಹಜವೇ. ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15ರಂದು ಎನ್ನುತ್ತಾರೆ. ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ದೇಶದ ಎರಡು ದೊಡ್ಡ ದಿನಗಳೂ ನಮ್ಮ ರಾಯಣ್ಣನವೇ ಎಂದು ಇಲ್ಲಿಯವರಿಗೆ ಹೆಮ್ಮೆ.

ಮಗ ಸಂಜೆಯೆಲ್ಲ ಕುಳಿತು ಚಿತ್ರ ಬರೆದ. ತಲೆ ಕಲ್ಲಂಗಡಿಯಷ್ಟು, ಖಡ್ಗ ತೋಳಿಗಿಂತ ದಪ್ಪ, ಕುದುರೆಯ ನಾಲ್ಕೂ ಕಾಲು ಒಂದೇ ಕಡೆ! ಅವನು ಮಲಗಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ರಬ್ಬರ್ ತೆಗೆದುಕೊಂಡು ಎಲ್ಲ ಅಳಿಸಿದೆ. ಗೋಡೆಯ ಮೇಲಿನ ಕ್ಯಾಲೆಂಡರಿನ ರಾಯಣ್ಣನನ್ನು ನೋಡಿ ನೋಡಿ ಹೊಸದಾಗಿ ಬರೆದು ಬಣ್ಣ ತುಂಬಿದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್ ಪರೀಕ್ಷೆ ಪಾಸಾದವಳು ನಾನು, ಆ ಜಂಬವೂ ಒಂದಿಷ್ಟು ಇತ್ತು ಅನ್ನಿ. ಚಿತ್ರಕ್ಕೆ ಮೊದಲ ಬಹುಮಾನ ಬಂತು, ಒಂದು ಸ್ಟೀಲ್ ತಾಟು. ಮಗ ಅದನ್ನು ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟ. "ಅವ್ವಾ, ಇದು ನಿಂದು" ಅಂದವನೇ ಆಡಲು ಹೋದ.

ಸಿಟ್ಟಿಲ್ಲ, ಅಳುವಿಲ್ಲ. ಆದರೆ ಮುಂದೆ ಎರಡು ವರ್ಷ ಅವನು ಬಣ್ಣದ ಡಬ್ಬಿ ಮುಟ್ಟಲಿಲ್ಲ. ಶಾಲೆಯಲ್ಲಿ ಚಿತ್ರ ಬರೆಯಲು ಹೇಳಿದರೆ ಹಾಳೆ ತಂದು ನನ್ನ ಮುಂದೆ ಹಿಡಿಯುತ್ತಿದ್ದ. ಆ ತಾಟಿಗೆ ರೊಟ್ಟಿ ಹಾಕುವಾಗಲೆಲ್ಲ ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಮಣ್ಣೆತ್ತು ಮತ್ತು ಪರದೇಶದ ಗೂಳಿ

ನಮ್ಮ ನಾದಿನಿಯ ಮಗಳು ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಕಳೆದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ಹಬ್ಬಕ್ಕೆ ಮನೆಗೆ ಬಂದಾಗ ಅವಳ ಮುಂದೆ ಈ ದುಃಖ ತೋಡಿಕೊಂಡೆ. ಅವಳು ನಕ್ಕುಬಿಟ್ಟಳು. "ಅತ್ತೀ, ನೀವೊಬ್ರ ಅಲ್ರಿ, ಬಾಳ ಮಂದಿ ತಾಯಂದ್ರು ಹಿಂಗ ಮಾಡ್ತಾರ. ಒಮ್ಮೆ ನಮ್ಮ ಶಾಲಿಗೆ ಬರ್ರಿ, ನಮ್ಮ ಹುಡುಗ್ರ ಎತ್ತು ತೋರಸ್ತೀನಿ" ಅಂದಳು.

ಮುಂದಿನ ಶನಿವಾರ ಹೋದೆ. ತರಗತಿಯ ಕಿಟಕಿಯ ಉದ್ದಕ್ಕೂ ಮಣ್ಣಿನ ಎತ್ತುಗಳ ಸಾಲು! ಒಂದರ ಹಾಗೆ ಇನ್ನೊಂದಿಲ್ಲ. ಒಂದು ದುಂಡಗೆ, ಒಂದು ಬಡಕಲು, ಒಂದಕ್ಕೆ ಕೋಡೇ ಮೈಗಿಂತ ದೊಡ್ಡವು. ಅವುಗಳ ಮೇಲೆ ಗೋಡೆಗೆ ಹನ್ನೊಂದು ಝೆರಾಕ್ಸ್ ಹಾಳೆ ಅಂಟಿಸಿದ್ದರು. ಎಲ್ಲದರಲ್ಲೂ ಒಂದೊಂದು ಗೂಳಿ. ಪಾಬ್ಲೊ ಪಿಕಾಸೊ ಎಂಬ ಸ್ಪೇನ್ ದೇಶದ ಕಲಾವಿದ ಪ್ಯಾರಿಸ್ಸಿನಲ್ಲಿ ಕಲ್ಲಚ್ಚಿನಲ್ಲಿ ಮಾಡಿದ ಚಿತ್ರಗಳಂತೆ ಅವು. 1945ರ ಡಿಸೆಂಬರಿನಲ್ಲಿ ಶುರುಮಾಡಿ 1946ರ ಜನವರಿಯಲ್ಲಿ ಮುಗಿಸಿದ. ಒಂದೇ ಗೂಳಿಯನ್ನು ಹನ್ನೊಂದು ಹಂತದಲ್ಲಿ ತಿದ್ದಿ ತಿದ್ದಿ ಅಚ್ಚು ತೆಗೆದ.

ಅದರಲ್ಲೇನು ವಿಶೇಷ ಅಂತೀರಾ? ಮೊದಮೊದಲ ಹಾಳೆಗಳಲ್ಲಿ ಮೈ ಕೈ ತುಂಬಿಕೊಂಡ, ತೊಗಲು ಮಾಂಸವೆಲ್ಲ ಕಾಣುವ ಗೂಳಿ. ಆಮೇಲಾಮೇಲೆ ಅದರ ಮೈಮೇಲೆ ಹೊಲದ ಬದುವಿನಂತೆ ಗೆರೆಗಳು ಬರುತ್ತವೆ. ಆಮೇಲೆ ಒಂದೊಂದೇ ಬಿಟ್ಟು ಹೋಗುತ್ತದೆ. ಕಪ್ಪು ಹೋಯಿತು, ಮಾಂಸ ಹೋಯಿತು, ಹೊಟ್ಟೆಯ ಭಾರ ಹೋಯಿತು. ಕಡೆಯ ಹಾಳೆಯಲ್ಲಿ ಉಳಿದದ್ದು ಕೆಲವೇ ಗೆರೆ. ಆದರೂ ನೋಡಿದ ಕೂಡಲೇ ಗೂಳಿ ಎಂದೇ ಹೇಳುತ್ತೀರಿ!

ನಾದಿನಿಯ ಮಗಳು ಮಕ್ಕಳಿಗೆ ಈ ಹಾಳೆಗಳನ್ನು ತೋರಿಸಿ, ಇದನ್ನೇ ನೋಡಿ ಬರೆಯಿರಿ ಎಂದು ಹೇಳಲಿಲ್ಲವಂತೆ. ಒಂದೇ ಪ್ರಶ್ನೆ ಕೇಳಿದಳಂತೆ: "ಎತ್ತಿನ್ಯಾಗ ಏನೇನು ತಗದ್ರೂ ಅದು ಎತ್ತಾಗೇ ಉಳಿತೈತಿ?" ಕಿವಿ ತೆಗೆಯಬಹುದು ಅಂದರು. ಬಾಲ ತೆಗೆಯಬಹುದು ಅಂದರು. ಒಬ್ಬ ಹುಡುಗಿ ಎದ್ದು ನಿಂತು, "ಡುಬ್ಬ ತಗೀಬ್ಯಾಡ್ರಿ ಅಕ್ಕೋರ, ತಗದ್ರ ಎಮ್ಮಿ ಆಗ್ತೈತಿ!" ಅಂದಳಂತೆ. ಆಮೇಲೆ ಎಲ್ಲರೂ ಹಬ್ಬಕ್ಕೆ ಮನೆಯಲ್ಲಿ ನೋಡಿದ ಮಣ್ಣೆತ್ತನ್ನು ನೆನೆಸಿಕೊಂಡು ತಮ್ಮ ತಮ್ಮ ಎತ್ತು ಮಾಡಿದರು.

ನನಗೆ ಆಗ ಹೊಳೆಯಿತು ನೋಡಿ. ನಮ್ಮ ಕುಂಬಾರರು ತಂದುಕೊಡುವ ಮಣ್ಣೆತ್ತಿಗೆ ಏನಿರುತ್ತದೆ? ನಾಲ್ಕು ಮೋಟು ಕಾಲು, ಒಂದು ಡುಬ್ಬ, ಎರಡು ಕೋಡು, ಅಷ್ಟೇ. ಹನ್ನೊಂದು ಹಾಳೆ ತಿದ್ದಿ ಆ ದೊಡ್ಡ ಕಲಾವಿದ ಮುಟ್ಟಿದ ಜಾಗದ ಹತ್ತಿರವೇ ನಮ್ಮವರ ಬೆರಳೂ ಆಡುತ್ತವೆ. ನನ್ನ ತಾಯಿಯ ಇಳಕಲ್ ಸೀರೆಯ ಕಸೂತಿಯೂ ಹಾಗೆಯೇ. ಎಳೆ ಎಣಿಸಿ ಹಾಕಿದ ಆನೆ, ನವಿಲು, ತೇರು, ತುಳಸಿಕಟ್ಟೆ. ಆ ಆನೆಗೆ ಮೈ ಮಡಿಕೆಯಿಲ್ಲ, ಉಗುರಿಲ್ಲ. ಆದರೂ ಅದನ್ನು ಕತ್ತೆ ಎಂದವರನ್ನು ನಾನು ಕಂಡಿಲ್ಲ.

ನಮ್ಮ ಕಡೆ ಐದು ಮಣ್ಣಿನ ಪೂಜೆ ಎಂದು ಹಿರಿಯರು ಹೇಳುತ್ತಾರೆ. ಮಣ್ಣೆತ್ತು, ಆಷಾಢದ ಗುಳ್ಳವ್ವ, ಪಂಚಮಿಯ ನಾಗಪ್ಪ, ಚೌತಿಯ ಗಣಪ್ಪ, ಅವನ ಹಿಂದೆಯೇ ಬರುವ ಜೋಕುಮಾರ. ಮಳೆಗಾಲ ಪೂರ್ತಿ ಮಕ್ಕಳ ಕೈಗೆ ಮಣ್ಣು ಸಿಗಲಿ ಎಂದೇ ಯಾರೋ ಹಂಚಿಕೆ ಹಾಕಿಟ್ಟಂತಿದೆ. ನಾವು ಮಾತ್ರ ಕೈ ಹೊಲಸಾಗುತ್ತದೆ ಎಂದು ಮಕ್ಕಳನ್ನು ಬೈಯುತ್ತೇವೆ.

ಹೊರಡುವಾಗ ಅವಳು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಕುಳಿತಿತು. "ದೊಡ್ಡವರ ಚಿತ್ರ ನಕಲು ಮಾಡೋದು ಬ್ಯಾರೆ ಅತ್ತೀ, ಅವ್ರು ಹೆಂಗ ನೋಡಿದ್ರು ಅಂತ ಕಲಿಯೋದು ಬ್ಯಾರೆ. ಮುಂದಿನ ರವಿವಾರ ಹುಡುಗ್ರನ್ನ ಸಂಗೊಳ್ಳಿಗೆ ಕರಕೊಂಡು ಹೊಂಟೀವಿ. ನಿಮ್ಮ ಸಣ್ಣವನ್ನೂ ಕರಕೊಂಡು ಬರ್ರಿ. ಆದ್ರ ಒಂದು ಕರಾರು. ನೀವು ಪೆನ್ಸಿಲ್ ಮುಟ್ಟಬಾರದು!"

ಸಂಗೊಳ್ಳಿಯ ದಾರಿ

ರವಿವಾರ ಬೆಳಿಗ್ಗೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಸೇರಿದೆವು. ಇಪ್ಪತ್ನಾಲ್ಕು ಮಕ್ಕಳು, ಇಬ್ಬರು ಶಿಕ್ಷಕಿಯರು, ನಾನು, ನನ್ನ ಮಗ. ನನ್ನ ಪಾಲಿಗೆ ಬಂದದ್ದು ಬುತ್ತಿಯ ಕೆಲಸ. ಹಿಂದಿನ ದಿನವೇ ಕಟಕ ರೊಟ್ಟಿ ಬಡಿದು ಬಿಳಿ ಬಟ್ಟೆಯಲ್ಲಿ ಕಟ್ಟಿದ್ದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬದನೆಕಾಯಿ ಎಣ್ಣೆಗಾಯಿ, ಒಂದು ಗಡಿಗೆ ಗಟ್ಟಿ ಮೊಸರು. ಜೊತೆಗೆ ಮಾದಲಿಯ ಡಬ್ಬಿ ಬೇರೆ.

ಕೆಂಪು ಬಸ್ಸು ಹತ್ತಿದ ಕೂಡಲೇ ಜಗಳ ಶುರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೂ ಹುಡುಗಿಯರಿಗೂ ಟಿಕೀಟು ಪುಕ್ಕಟೆ. ಹುಡುಗರಿಗೆ ಅರ್ಧ ಟಿಕೀಟಿನ ರೊಕ್ಕ. "ನಾವೇನ್ ಪಾಪ ಮಾಡೇವಿ?" ಎಂದು ಹುಡುಗರು, "ಮನ್ಯಾಗ ಭಾಂಡೆ ತಿಕ್ಕ ಬಾ, ಆಗ ಗೊತ್ತಾಗ್ತೈತಿ" ಎಂದು ಒಬ್ಬ ಪುಟ್ಟಿ! ಕಂಡಕ್ಟರಿಗೂ ನಗು ತಡೆಯಲಾಗಲಿಲ್ಲ.

ಹೊರಗೆ ಕಣ್ಣು ಹಾಯಿಸಿದಷ್ಟೂ ಎರೆಭೂಮಿ. ಹದವಾದ ಮಳೆ ಬಿದ್ದು ಮಣ್ಣು ಕಾಡಿಗೆಯಷ್ಟು ಕಪ್ಪಾಗಿತ್ತು. ಒಂದು ಹೊಲದಲ್ಲಿ ಹೆಸರು ಎರಡೆಲೆ ಬಿಟ್ಟಿತ್ತು, ಇನ್ನೊಂದರಲ್ಲಿ ಕಬ್ಬು ಮೊಳಕಾಲೆತ್ತರ ಬೆಳೆದಿತ್ತು, ಮತ್ತೊಂದರಲ್ಲಿ ಇನ್ನೂ ಕೂರಿಗೆ ಓಡುತ್ತಿತ್ತು. ಕೂರಿಗೆಯ ಎತ್ತು ಕಂಡಾಗಲೆಲ್ಲ ಬಸ್ಸಿನೊಳಗಿಂದ, "ಡುಬ್ಬ ನೋಡ್ರಲೇ, ಡುಬ್ಬ!" ಎಂದು ಕೂಗು. ದಿನಾ ಎತ್ತಿನ ನಡುವೆಯೇ ಬೆಳೆದ ಮಕ್ಕಳು ಎತ್ತನ್ನು ಹೊಸದಾಗಿ ನೋಡುತ್ತಿದ್ದರು.

ಅರ್ಧ ತಾಸಿನ ಮೇಲಾಗಿ ಸಂಗೊಳ್ಳಿ ಬಂತು. ಮಲಪ್ರಭೆಯ ದಂಡೆಯ ಊರು. ಕಟ್ಟೆಯ ಮೇಲೆ ಕುಳಿತ ಹಿರಿಯರು, ಮನೆ ಮುಂದೆ ಕಟ್ಟಿದ ದನ, ಬಾಗಿಲಿಗೆ ಬರೆದ ರಂಗೋಲಿ. ನೋಡಿದರೆ ನಮ್ಮ ಕಡೆಯ ಎಲ್ಲ ಊರುಗಳ ಹಾಗೆಯೇ. ಆದರೆ ರಾಯಣ್ಣನ ಹೆಸರಿಲ್ಲದ ಮೂಲೆ ಇಲ್ಲಿಲ್ಲ. ಅವನ ಹೆಸರಿನ ಸೈನಿಕ ಶಾಲೆಯೂ ಇಲ್ಲಿದೆ. ಪ್ರತಿ ವರ್ಷ ಜನವರಿಯಲ್ಲಿ ಸಂಗೊಳ್ಳಿ ಉತ್ಸವ ನಡೆಯುತ್ತದೆ, ಆಗ ಊರು ಹಿಡಿಸದಷ್ಟು ಜನ.

ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ತಂದೆ ಭರಮಪ್ಪ, ತಾಯಿ ಕೆಂಚವ್ವ. ರಾಯಣ್ಣ ಊರಿನ ವಾಲೀಕಾರ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಇಂಗ್ಲಿಷರ ಥ್ಯಾಕರೆ ಬಿದ್ದ. ಆದರೆ ಡಿಸೆಂಬರಿನಲ್ಲಿ ಕೋಟೆ ಕೈತಪ್ಪಿತು. ರಾಣಿ ಚನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಆಕೆ 1829ರಲ್ಲಿ ತೀರಿಕೊಂಡರು, ಆಕೆಯ ಸಮಾಧಿ ನಮ್ಮೂರಿನಲ್ಲೇ ಇದೆ. ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸಬೇಕೆಂದು ರಾಯಣ್ಣ ದಂಡು ಕಟ್ಟಿ ಹೋರಾಡಿದ, ಕಡೆಗೆ ನಮ್ಮವರ ಮೋಸದಿಂದಲೇ ಸಿಕ್ಕಿಬಿದ್ದ.

ಎರಡು ಭಾರದ ಮುಂದೆ ಐದು ನಿಮಿಷ

ಊರೊಳಗೆ ಕಾಲಿಡುತ್ತಲೂ ಜಿಟಿಜಿಟಿ ಮಳೆ. ಹಾಳೆ ನೆನೆಯದಂತೆ ಮಕ್ಕಳನ್ನೆಲ್ಲ ರಾಯಣ್ಣನ ನೆನಪಿಗೆ ಕಟ್ಟಿದ ಸಮುದಾಯ ಭವನಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ರಾಯಣ್ಣ ಮೈ ಬೆಳೆಸಲು ಎತ್ತುತ್ತಿದ್ದನೆಂದು ಹೇಳುವ ಎರಡು ಭಾರಗಳನ್ನು ಇಟ್ಟಿದ್ದಾರೆ. ನಾನಾದರೆ ಕೈಮುಗಿದು ಮುಂದೆ ಹೋಗಿಬಿಡುತ್ತಿದ್ದೆ. ನಾದಿನಿಯ ಮಗಳು ಮಕ್ಕಳನ್ನು ಸುತ್ತ ಕೂರಿಸಿದಳು. "ಐದು ನಿಮಿಷ ಬರೀ ನೋಡ್ರಿ. ಪೆನ್ಸಿಲ್ ಮುಟ್ಟಬಾರದು. ಎಲ್ಲಿ ಸವದೈತಿ, ಎಲ್ಲಿ ಬೆಳಕು ಬಿದ್ದೈತಿ, ಎಲ್ಲಿ ಹಿಡೀಬೇಕು, ನೋಡ್ರಿ."

ಐದು ನಿಮಿಷ ಎಷ್ಟು ಉದ್ದ ಎಂದು ನನಗೆ ಅಂದೇ ಗೊತ್ತಾದದ್ದು! ಮೊದಲ ನಿಮಿಷ ಪಿಸುಪಿಸು ಮಾತು, ಎರಡನೆಯದರಲ್ಲಿ ನಗು. ಆಮೇಲೆ ಸದ್ದಿಲ್ಲ. ನನ್ನ ಮಗನೂ ಸುಮ್ಮನೆ ನೋಡುತ್ತಿದ್ದ. ನಂತರ ಹಾಳೆಯ ಮೇಲೆ ಪೆನ್ಸಿಲಿನ ಸದ್ದು ಎದ್ದಿತು. ಅವನು ಮಾತ್ರ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡಿದ. ನಾನು ಕರಾರು ನೆನೆಸಿಕೊಂಡು ಕಿಟಕಿಯ ಹೊರಗೆ ಮಳೆ ನೋಡುತ್ತ ನಿಂತೆ. ಅವನ ಹಾಳೆ ಬಿಳಿಯಾಗಿಯೇ ಉಳಿಯಿತು.

ಯಾರೂ ನೋಡದ ಮುಖ

ಮಳೆ ನಿಂತ ಮೇಲೆ ಶಿಲ್ಪವನಕ್ಕೆ ಹೋದೆವು. ಊರವರು ರಾಕ್ ಗಾರ್ಡನ್ ಅನ್ನುತ್ತಾರೆ. ರಾಯಣ್ಣನ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಕಟ್ಟಿ ತೋರಿಸಿದ್ದಾರೆ. ಹುಬ್ಬಳ್ಳಿ-ಹಾವೇರಿ ಹೆದ್ದಾರಿಯಲ್ಲಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಿದವರಿಗೆ ಇಂಥ ಶಿಲ್ಪಗಳ ಪರಿಚಯ ಇರುತ್ತದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಅಲ್ಲಿ ನಮ್ಮ ಹಳ್ಳಿಯ ಬಾಳನ್ನೇ, ಒಕ್ಕಲುತನ, ಮನೆ, ದನಕರು ಎಲ್ಲವನ್ನೂ ಶಿಲ್ಪದಲ್ಲಿ ನಿಲ್ಲಿಸಿದರು. ಅವರು 2020ರಲ್ಲಿ ತೀರಿಕೊಂಡರು, ಅವರು ಕಟ್ಟಿದ್ದು ಮಾತ್ರ ಮಕ್ಕಳನ್ನು ಇಂದಿಗೂ ಕರೆಯುತ್ತಿದೆ.

ಒಂದು ಶಿಲ್ಪದ ಮುಂದೆ ನನ್ನ ಮಗ ನಿಂತುಬಿಟ್ಟ. ಬಹಳ ಹೊತ್ತಿನ ಮೇಲೆ, "ಅಕ್ಕೋರ, ರಾಯಣ್ಣ ಖರೇನ ಹಿಂಗ ಇದ್ದನ್ರಿ?" ಎಂದು ಕೇಳಿದ.

ಅವಳು ಕೂಡಲೇ ಉತ್ತರ ಕೊಡಲಿಲ್ಲ. ಎಲ್ಲ ಮಕ್ಕಳನ್ನೂ ಕರೆದು ಕೂರಿಸಿದಳು. ರಾಯಣ್ಣ ಗಲ್ಲಿಗೇರಿದ್ದು 1831ರಲ್ಲಿ. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಹಾಗಾದ ಮೇಲೆ ಅವನ ಫೋಟೋ ಎಲ್ಲಿಂದ ಬರಬೇಕು? ಕ್ಯಾಲೆಂಡರಿನಲ್ಲಿ, ಚೌಕದಲ್ಲಿ ನಾವು ನೋಡುವ ಮುಖವೆಲ್ಲ ಕಲಾವಿದರು ಮನಸ್ಸಿನಲ್ಲಿ ಕಂಡ ಮುಖ.

ಅವಳು ಇನ್ನೊಂದು ಮಾತನ್ನೂ ಹೇಳಿದಳು, ಅದು ನಮಗೆಲ್ಲ ಹತ್ತಿರದ್ದು. ನಮ್ಮ ದೇವರ ಜಗಲಿಯ ಮೇಲಿನ ಲಕ್ಷ್ಮಿ, ಸರಸ್ವತಿಯರ ಪಟಗಳಿವೆಯಲ್ಲ, ಅವುಗಳ ರೂಪ ಬಹಳಮಟ್ಟಿಗೆ ಬಂದದ್ದು ಕೇರಳದ ರಾಜಾ ರವಿವರ್ಮರಿಂದ. 1848ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡವರು. 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ಹಾಕಿ ಆ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿದರು. ದೇವಿಗೆ ನಮ್ಮಂತೆಯೇ ಸೀರೆ ಉಡಿಸಿದರು, ನಮ್ಮ ನಡುವೆ ಕಾಣುವ ಹೆಣ್ಣಿನ ಮುಖ ಕೊಟ್ಟರು. ಅದೇ ಮುಖಕ್ಕೆ ನಾವು ದಿನಾ ಕುಂಕುಮ ಹಚ್ಚುತ್ತೇವೆ!

"ಈಗ ನೀವು ಹೇಳ್ರಿ" ಅಂದಳು. "ನಿಮ್ಮ ರಾಯಣ್ಣಗ ಯಾರ ಮುಖ ಕೊಡ್ತೀರಿ? ಧೈರ್ಯ ಅಂದ್ರ ನಿಮಗ ಯಾರ ನೆನಪಾಗ್ತಾರ?" ಒಬ್ಬ ತನ್ನ ಮಾವನ ಹೆಸರು ಹೇಳಿದ, ಒಬ್ಬ ಪೈಲವಾನನ ಹೆಸರು ಹೇಳಿದ. ಒಬ್ಬ ಹುಡುಗಿ, "ನಮ್ಮವ್ವನ ಮುಖ ಕೊಟ್ರ ನಡಿತೈತ್ರಿ? ಮೀಸಿ ಆಮೇಲೆ ಬರೀತೀನಿ" ಅಂದಳು. ಎಲ್ಲರೂ ನಕ್ಕರು. ನಾನು ಮಾತ್ರ ಆ ಹುಡುಗಿಯ ತಾಯಿಯನ್ನು ಒಮ್ಮೆ ನೋಡಬೇಕು ಅಂದುಕೊಂಡೆ.

ಹೊಳೆ ದಂಡೆಯ ಬುತ್ತಿ

ಮಧ್ಯಾಹ್ನ ಮಲಪ್ರಭೆಗೆ ಹೋಗುವ ದಾರಿಯ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಹೊಳೆಗೆ ಹೊಸ ನೀರು ಬಂದು ಚಹಾದ ಬಣ್ಣಕ್ಕೆ ತಿರುಗಿತ್ತು. ಮಕ್ಕಳನ್ನು ನೀರಿನ ಹತ್ತಿರ ಬಿಡಲಿಲ್ಲ. ದೂರದಲ್ಲಿ ಎಮ್ಮೆಗಳು ಮೇಯುತ್ತಿದ್ದವು, ಅವುಗಳ ಬೆನ್ನಿನ ಮೇಲೆ ಬೆಳ್ಳಕ್ಕಿ.

ಊಟವಾದ ಮೇಲೆ ಒಂದು ಆಟ. ಪೆನ್ಸಿಲ್ ಹಾಳೆಯಿಂದ ಎತ್ತದೆ ಒಂದೇ ಗೆರೆಯಲ್ಲಿ ಎಮ್ಮೆ ಬರೆಯಬೇಕು. ಇದಕ್ಕೆ ಗುರು ಯಾರು ಗೊತ್ತೇ? ಉಡುಪಿಯ ಹತ್ತಿರ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ನಮ್ಮ ಕೆ. ಕೆ. ಹೆಬ್ಬಾರರು. 1996ರವರೆಗೆ ಬಾಳಿದ ಅವರು ದೊಡ್ಡ ವರ್ಣಚಿತ್ರಗಳನ್ನೂ ಬರೆದರು. ಜೊತೆಗೆ ಕುಣಿಯುವವರನ್ನು ಕೆಲವೇ ಗೆರೆಗಳಲ್ಲಿ ಹಿಡಿದು ನಿಲ್ಲಿಸಿದರು. ಆ ರೇಖಾಚಿತ್ರಗಳ ಪುಸ್ತಕಕ್ಕೆ ಸಿಂಗಿಂಗ್ ಲೈನ್, ಎಂದರೆ ಹಾಡುವ ಗೆರೆ, ಎಂದೇ ಹೆಸರು.

ನನಗೆ ಇದು ಯಾರೂ ಹೇಳಿಕೊಡದೆ ತಿಳಿಯಿತು. ಚುಕ್ಕಿ ರಂಗೋಲಿ ಹಾಕುವಾಗ ಎಳೆ ಕಡಿಯದೆ ಸುತ್ತಿ ಬರುವುದಿಲ್ಲವೇ? ಅದೇ ಇದು. "ಅತ್ತೀ, ನೀವು ನೆಲದ ಮ್ಯಾಲ ತೋರಸ್ರಿ, ಅದಕ್ಕ ಪರವಾನಿಗಿ ಐತಿ" ಅಂದಳು. ಒಂದು ಕಡ್ಡಿ ಹಿಡಿದು ಹಸಿ ಮಣ್ಣಿನ ಮೇಲೆ ಒಂದೇ ಎಳೆಯ ರಂಗೋಲಿ ಬರೆದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಲವತ್ತು ದಾಟಿದ ಮೇಲೆ ಸಿಕ್ಕ ಚಪ್ಪಾಳೆ, ನಾಚಿಕೆಯೂ ಆಯಿತ್ರಿ!

ಅಷ್ಟರಲ್ಲಿ ನೋಡಿದರೆ ನನ್ನ ಮಗ ಮರದ ಆ ಬದಿಗೆ ಕುಳಿತು ಏನೋ ಬರೆಯುತ್ತಿದ್ದಾನೆ. ನನಗೆ ಬೆನ್ನು ಮಾಡಿ ಕುಳಿತಿದ್ದಾನೆ.

ದೊಡ್ಡ ಕೈ

ಹತ್ತಿರ ಹೋಗಬಾರದು ಅಂದುಕೊಂಡೆ. ಆದರೆ ತಾಯಿಯ ಜೀವ ಕೇಳಬೇಕಲ್ಲ? ಮೊಸರಿನ ಗಡಿಗೆ ತೊಳೆಯುವ ನೆವದಲ್ಲಿ ಹಿಂದಿನಿಂದ ಇಣುಕಿದೆ.

ಕುದುರೆ ಇರಲಿಲ್ಲ, ಖಡ್ಗವೂ ಇರಲಿಲ್ಲ. ರಾತ್ರಿಯ ಓಣಿ. ತಲೆಗೆ ರುಮಾಲು ಸುತ್ತಿದ ಒಬ್ಬ ಮನುಷ್ಯ ಒಂದು ಕೈಯಲ್ಲಿ ಬಡಿಗೆ, ಇನ್ನೊಂದರಲ್ಲಿ ದೀಪ ಹಿಡಿದು ನಿಂತಿದ್ದಾನೆ. ಊರು ಕಾಯುವ ವಾಲೀಕಾರ ರಾಯಣ್ಣ. ಮನೆಗಳ ಬಾಗಿಲು ಮುಚ್ಚಿವೆ, ಜನ ಮಲಗಿದ್ದಾರೆ. ಅವನೊಬ್ಬ ಎಚ್ಚರ.

ಆದರೆ ದೀಪ ಹಿಡಿದ ಕೈ! ತಲೆಗಿಂತ ದೊಡ್ಡದು, ಬೆರಳುಗಳೋ ಬಾಳೆಕಾಯಿಯಂತೆ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. "ಪುಟ್ಟಾ, ಈ ಕೈ ಒಂಚೂರು..." ಎನ್ನುವಷ್ಟರಲ್ಲಿ ನಾದಿನಿಯ ಮಗಳು ದೂರದಿಂದ ಕೆಮ್ಮಿದಳು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ಮಾತು ಬದಲಿಸಿ, "ಕೈ ಯಾಕಪ್ಪಾ ಇಷ್ಟು ದೊಡ್ಡದು?" ಎಂದಷ್ಟೇ ಕೇಳಿದೆ.

ಅವನು ತಲೆಯೆತ್ತಲಿಲ್ಲ. "ಅಜ್ಜನ ಕೈ ದೊಡ್ಡದ ಇತ್ತಲ್ಲವ್ವಾ."

ಆಗ ಮುಖ ನೋಡಿದೆ. ಮೂಗಿನ ಪಕ್ಕದ ಗಂಟು, ಕೆಳಗಿಳಿದ ಮೀಸೆ. ನಮ್ಮ ಮಾವನವರು! ಅವರು ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಆಯುಷ್ಯವೆಲ್ಲ ಕುಂಟೆ, ಕೂರಿಗೆ ಹಿಡಿದ ಕೈ ಅವರದು. ಈ ಹುಡುಗನನ್ನು ಒಂದೇ ಅಂಗೈಯಲ್ಲಿ ಕೂರಿಸಿ ಎತ್ತುತ್ತಿದ್ದರು. ಕರೆಂಟು ಹೋದ ರಾತ್ರಿ ಕಂದೀಲು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗುತ್ತಿದ್ದವರೂ ಅವರೇ. ಮಗುವಿನ ಕಣ್ಣಿಗೆ ಆ ಕೈ ಎಷ್ಟು ದೊಡ್ಡದಾಗಿ ಕಂಡಿತ್ತೋ ಅಷ್ಟೇ ದೊಡ್ಡದಾಗಿ ಹಾಳೆಯ ಮೇಲೆ ಬಂದಿತ್ತು. ಅದನ್ನು ನಾನು ಅಳಿಸಲು ಹೊರಟಿದ್ದೆ!

ಎರಡು ವರ್ಷದ ಹಿಂದೆ ಒಂದು ರಾತ್ರಿ ರಬ್ಬರಿನಿಂದ ನಾನು ಏನೇನು ಅಳಿಸಿದ್ದೆನೋ. ಕಲ್ಲಂಗಡಿಯಷ್ಟು ದೊಡ್ಡ ತಲೆಗೂ ಏನಾದರೂ ಕಾರಣ ಇದ್ದಿರಬೇಕು. ಕೇಳಿರಲೇ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನ ಚಿತ್ರ ಅಳಿಸಿದ್ದು ನನ್ನ ತಪ್ಪಪ್ಪಾ" ಅಂದೆ. ಅವನು ಒಂದು ಗಳಿಗೆ ನನ್ನನ್ನು ನೋಡಿ, "ಆತೇಳವ್ವಾ. ಮಾದಲಿ ಉಳದೈತೇನು?" ಎಂದು ಕೇಳಿದ.

ಅಡಿಗೆಮನೆಯ ಬಣ್ಣದ ಡಬ್ಬಿ

ಮನೆಗೆ ಬಂದ ಮೇಲೆ ಅವನು ಬಣ್ಣ ಕೇಳಿದ. ಹಳೆಯ ಡಬ್ಬಿಯ ಬಣ್ಣ ಒಣಗಿ ಹೋಗಿತ್ತು. ಬಂಗಾಳದ ಹೆಸರಾಂತ ಕಲಾವಿದ ಜಾಮಿನಿ ರಾಯ್ (1887-1972) ಪೇಟೆಯ ತೈಲವರ್ಣ ಬಿಟ್ಟು, ಹಳ್ಳಿಯ ಪಟ ಬರೆಯುವವರಂತೆ ಮಣ್ಣು, ಸುಣ್ಣ, ದೀಪದ ಮಸಿಯ ಬಣ್ಣ ಬಳಸಿದರು, ಹುಣಸೆ ಬೀಜದ ಅಂಟು ಬೆರೆಸಿದರು ಎಂದು ನಾದಿನಿಯ ಮಗಳು ಹೇಳಿದ್ದಳು. ಕೊಪ್ಪಳದ ಕಡೆಯ ಕಿನ್ನಾಳ ಗೊಂಬೆಯವರೂ ಹುಣಸೆ ಬೀಜದ ಅಂಟನ್ನೇ ಬಳಸುತ್ತಾರೆ. ಇವೆಲ್ಲ ನಮ್ಮ ಮನೆಯಲ್ಲೇ ಇರುವ ಪದಾರ್ಥ. ನೀವೂ ಮಾಡಿ ನೋಡಿ.

ಅಂಟು: ಒಂದು ಹಿಡಿ ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನುಣ್ಣಗೆ ರುಬ್ಬಿ, ನೀರು ಬೆರೆಸಿ ತೆಳ್ಳನೆಯ ಗಂಜಿಯಂತೆ ಕುದಿಸಿ ಬಟ್ಟೆಯಲ್ಲಿ ಸೋಸಿ. ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ವಾಸನೆ ಬರುತ್ತದೆ.

ಬಣ್ಣ: ಹಳದಿಗೆ ಅರಿಶಿಣ. ಅದಕ್ಕೇ ಚಿಟಿಕೆ ಸುಣ್ಣ ಸೇರಿಸಿದರೆ ಕೆಂಪು. ಸುಣ್ಣ ಕಣ್ಣಿಗೆ ಕೆಟ್ಟದ್ದು, ಅದನ್ನು ನೀವೇ ಬೆರೆಸಿ ಕೊಡಿ. ಕಂದಿಗೆ ಹುರಮಂಜು, ಕಪ್ಪಿಗೆ ದೀಪದ ಮಸಿ, ಬಿಳಿಗೆ ಸೋಸಿದ ರಂಗೋಲಿ ಪುಡಿ, ನೀಲಿಗೆ ಬಟ್ಟೆಗೆ ಹಾಕುವ ನೀಲಿ. ಪುಡಿಗೆ ಅಂಟು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಸಣ್ಣ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಅರಿಶಿಣದ ಚಿತ್ರವನ್ನು ಬಿಸಿಲಿಗೆ ಇಡಬೇಡಿ, ಬಣ್ಣ ಹಾರುತ್ತದೆ.

ಮಣ್ಣು: ಎರೆಮಣ್ಣಿನ ಹರಳು ತೆಗೆದು, ಚೂರು ಅರಳೆ ಸೇರಿಸಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಅರಳೆಯಿದ್ದರೆ ಬಿರುಕು ಕಡಿಮೆ. ನೆರಳಿನಲ್ಲೇ ಒಣಗಿಸಿ.

ಕಡೆಯದಾಗಿ ನನ್ನ ಅನುಭವದ ಮಾತು. ಮಗುವಿಗೆ ಎಲ್ಲವನ್ನೂ ಕೊಟ್ಟು ನಿಮ್ಮ ಕೈಯನ್ನು ಮಾತ್ರ ಹಿಂದಕ್ಕೆ ಕಟ್ಟಿಕೊಳ್ಳಿ. ತಿದ್ದಬೇಕೆನಿಸಿದಾಗ ಹೀಗ್ಯಾಕೆ ಬರೆದೆ ಎಂದು ಒಮ್ಮೆ ಕೇಳಿ, ಉತ್ತರ ಕೇಳಿದ ಮೇಲೂ ತಿದ್ದಬೇಕೆನಿಸಿದರೆ ಆಗ ನೋಡೋಣ.

ಸಂಗೊಳ್ಳಿಗೆ ಹೋಗುವುದಾದರೆ ಬೈಲಹೊಂಗಲಕ್ಕೆ ಬಂದು ಹೋಗುವುದು ಸುಲಭ. ಮಳೆಗಾಲದಲ್ಲಿ ಕೊಡೆ, ನೆನೆಯದ ಚೀಲ ಇರಲಿ. ಬುತ್ತಿ ಕಟ್ಟಿಕೊಂಡೇ ಹೊರಡಿ. ಒಂದು ದಿನ ಹೆಚ್ಚಿಗೆ ಇದ್ದರೆ ಖಾನಾಪುರ ತಾಲೂಕಿನ ನಂದಗಡಕ್ಕೂ ಹೋಗಿ. ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಹೆಣ್ಣುಮಕ್ಕಳು ಹರಕೆಯ ತೊಟ್ಟಿಲು ಕಟ್ಟುತ್ತಾರೆ. ಮಕ್ಕಳ ಕೈಗೆ ಹಾಳೆ, ಪೆನ್ಸಿಲ್ ಕೊಡಿ, ಆ ಮರದ ಮುಂದೆ ಕೂರಿಸಿ. ರಬ್ಬರ್ ಮನೆಯಲ್ಲೇ ಇರಲಿ.

ನಮ್ಮ ಮನೆಯ ಪಡಸಾಲೆಯಲ್ಲಿ ಈಗ ಮಾವನವರ ಫೋಟೋದ ಪಕ್ಕ ಆ ವಾಲೀಕಾರನ ಚಿತ್ರ ಇದೆ. ಬಂದವರು ಕೈ ಯಾಕೆ ಅಷ್ಟು ದೊಡ್ಡದು ಎಂದು ಕೇಳುತ್ತಾರೆ. ಮಾವನವರನ್ನು ಕಂಡವರು ಕೇಳುವುದಿಲ್ಲ.

ಹಾಂ, ಹೇಳುವುದು ಮರೆತೆ. ಅಂದು ಬಣ್ಣ ಕಲಸಲು ಅಗಲವಾದದ್ದು ಏನಾದರೂ ಬೇಕಾಗಿತ್ತು. ಮಗ ಮಾಡದ ಮೇಲೆ ಕೈಯಾಡಿಸಿ, "ಅವ್ವಾ, ನಿನ್ನ ಬಹುಮಾನದ ತಾಟು ತಗೊಳ್ಳಲೇನು?" ಎಂದು ಕೇಳಿದ. ತಗೋ ಅಂದೆ. ಈಗ ಅದರಲ್ಲಿ ಯಾರೂ ಊಟ ಮಾಡುವುದಿಲ್ಲ. ಅದರ ಅಂಚಿಗೆ ಹಿಡಿದ ಅರಿಶಿಣ, ಹುರಮಂಜನ್ನು ನಾನು ತಿಕ್ಕಲಿಕ್ಕೂ ಹೋಗಿಲ್ಲ.